ಎರಡನೇ ಸಾಲಿನ ಕುರ್ಚಿ

ಪ್ರೀತಿಯ ಅಕ್ಕ,

ನಾಳೆ ನನ್ನ ಗಂಟಲಿನ ಆಪರೇಷನ್. ಧ್ವನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. "ಅಂತೂ ಮನೇಲಿ ನನ್ನ ಮಾತು ನಡೆಯೋ ಕಾಲ ಬಂತು" ಎಂದು ಇವರು ನಕ್ಕು, ಮುಖ ತಿರುಗಿಸಿಕೊಂಡರು.

ವಾರವಿಡೀ ಭಯಕ್ಕೆ ಪ್ರಾರ್ಥನೆಯೇ ಹೊರಡಲಿಲ್ಲ. ನನ್ನಲ್ಲಿ ವಿಶ್ವಾಸವಿತ್ತೋ, ಬರೀ ಹಾಡುವ ಅಭ್ಯಾಸವಿತ್ತೋ ಎಂದು ಕೇಳಿಕೊಂಡೆ. ಆಗ ಚರ್ಚಿನ ಗಾಯನ ಅಭ್ಯಾಸದಲ್ಲಿ ನೀನು ನಮ್ಮನ್ನು ಗದರುವುದು ನೆನಪಾಯಿತು: "ಉಸಿರು ಮುಗಿದ್ರೆ ಕಿರುಚಬೇಡ್ರೇ, ಸುಮ್ನೆ ನಿಲ್ಲಿಸಿ. ಪಕ್ಕದವರು ಹಾಡ್ತಿರ್ತಾರೆ. ಉಸಿರು ತಗೊಂಡು ಮತ್ತೆ ಸೇರ್ಕೊಳ್ಳಿ."

ನೀವೆಲ್ಲ ನನಗಾಗಿ ಪ್ರಾರ್ಥಿಸುತ್ತಿದ್ದೀರಲ್ಲ, ಆ ಪ್ರಾರ್ಥನೆಗೆ ನಾನೂ ಸೇರಿಕೊಂಡೆ. ಯೇಸುವಿನ ಹೆಸರು ಹೇಳಿದೆ, ಅಷ್ಟೇ. ಭಯ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ನಿದ್ದೆ ಬಂತು.

ಹಾಡುವವರ ಎರಡನೇ ಸಾಲಿನ ನನ್ನ ಕುರ್ಚಿ ಯಾರಿಗೂ ಕೊಡಬೇಡ. ಧ್ವನಿ ಬಾರದಿದ್ದರೂ ಅಲ್ಲೇ ಕೂರುತ್ತೇನೆ. ನಿಮ್ಮ ಉಸಿರು ಮುಗಿದಾಗ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ.

ನಿನ್ನ ತಂಗಿ