ಎರವಲು ತಂದ ಫ್ಯಾನು

೧೨ ಮೇ, ಸೋಮವಾರ

ಹೆದರಿಕೆಗೆ ನಿದ್ದೆ ಹತ್ತುತ್ತಿಲ್ಲ. ನಮ್ಮ ಬಾಡಿಗೆ ಕಟ್ಟುವ ಸಂಸ್ಥೆಯ ಹುಡುಗಿ, ನೆರವು ಇನ್ನೂ ಬೇಕೋ ಬೇಡವೋ ನೋಡಲು ಬಂದಿದ್ದಳು. ಅತ್ತೆ ಪಕ್ಕದ ಮನೆಯಿಂದ ಫ್ಯಾನು, ಕುರ್ಚಿ ಎರವಲು ತಂದು, ತುಪ್ಪ ಸುರಿದು ಶಿರಾ ಮಾಡಿದರು. ನಾನು ಬೇಡವೆಂದರೆ, "ಸುಮ್ನಿರ ಬೇ, ಮನಿಗೆ ಬಂದವರ ಮುಂದ ಬಡತನ ಹರವಬಾರದ" ಎಂದರು.

ಹುಡುಗಿ ಗಾಳಿಗೆ ಕೂತು ತಿಂದಳು. "ಹೆಂಗ ನಡದೈತ್ರಿ ಅಮ್ಮಾರ?"

"ಏನೂ ಕಡಿಮಿ ಇಲ್ಲವ್ವಾ" ಎಂದುಬಿಟ್ಟರು ಅತ್ತೆ. ಅವಳು ಬರೆದುಕೊಂಡಳು. ಅತ್ತೆಯ ಮಾತು ಸುಳ್ಳೆಂದು ಅವರೆದುರೇ ಹೇಳಲಾಗದೆ ನಾನು ನೀರು ತರಲು ಎದ್ದೆ.

"ಹಂಗಾದ್ರ ಇನ್ನ ನಮ್ಮ ಆಸರಾ ಬ್ಯಾಡ ಅನ್ರಿ" ಎಂದು ನಕ್ಕಳು. ಹೊಗಳಿದಳೆಂದು ಅತ್ತೆ ಇನ್ನಷ್ಟು ಶಿರಾ ಬಡಿಸಿದರು.

ಅಥಣಿ ರಸ್ತೆಯ ಈ ಬಾಡಿಗೆ ಖೋಲಿ ಬಿಡಿಸಿದರೆ ಅತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?

ಸಂಜೆಯೇ ಪಕ್ಕದವರು ಫ್ಯಾನು ಒಯ್ದರು. ಅತ್ತೆ ನೆಮ್ಮದಿಯಿಂದ ಗೊರಕೆ ಹೊಡೆಯುತ್ತಿದ್ದಾರೆ. ಅವರಿಗೆ ಧಗೆಯಾಗದಿರಲೆಂದು ಎಡಗೈಯಲ್ಲಿ ರಟ್ಟು ಬೀಸುತ್ತಲೇ ಬರೆಯುತ್ತಿದ್ದೇನೆ.