ಇವತ್ತು ಬೇಡ ಅಂದ ಶಾಲೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತಿಗೆಗೆ ನಿಮ್ಮ ನಾದಿನಿಯ ನಮಸ್ಕಾರಗಳು.

ಕಾಗದ ತಡವಾಯಿತು, ಬೈಯಬೇಡಿ. ಬೈದರೂ ಪರವಾಗಿಲ್ಲ, ನಿಮ್ಮ ಬೈಗುಳ ಕೇಳಿ ಬಹಳ ದಿನವಾಯಿತು. ವಾರವೆಲ್ಲ ಬಸ್ಸು ಓಡಿಸಿ, ರಜೆ ಸಿಕ್ಕಾಗ ವಿಮಾನ ಕಲಿಸುವ ಶಾಲೆ ಹುಡುಕುತ್ತ ಅಲೆದೆ. ಅಣ್ಣ ಇಂಥದೇ ಚಿಕ್ಕ ವಿಮಾನ ಬಿದ್ದು ತೀರಿಕೊಂಡ. ಆದರೂ ನೀವು ನನಗೆ "ಹೋಗಿ ಕಲಿ" ಅಂದಿರಿ. "ಕಟ್ಟಡ ನೋಡಿ ಮರುಳಾಗ್ಬೇಡ, ನಂಗೆ ಇಲ್ಲಿ ನೆಮ್ಮದಿಯಾಗಿ ನಿದ್ದೆ ಬರೋಂಥ ಜಾಗ ಹುಡುಕು" ಅಂದಿರಿ. ಅಂಥ ಜಾಗ ಸಿಗುವವರೆಗೆ ನಿಮಗೆ ಬರೆಯಲು ಮನಸ್ಸಾಗಲಿಲ್ಲ.

ಮೊದಲು ನೋಡಿದ್ದು ಗಾಜಿನ ಕಟ್ಟಡ, ತಣ್ಣಗಿನ ಕೋಣೆಗಳು, ಹೊಸ ವಿಮಾನಗಳ ಸಾಲು. ಅಲ್ಲಿನ ಮೇಷ್ಟ್ರು ಅವತ್ತೇ ನನ್ನನ್ನು ಮೇಲೆ ಹಾರಿಸಲು ಹೊರಟರು. ನಾನೋ ಅಭ್ಯಾಸಬಲದಿಂದ ನೆಲದ ಮೇಲೇ ಬಸ್ಸಿನ ಹಾಗೆ ಸ್ಟೇರಿಂಗ್ ತಿರುಗಿಸಿದೆ. ವಿಮಾನ ನನಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ನೇರ ಹುಲ್ಲಿಗೆ ಹೊರಟಿತು. ನೆಲದಲ್ಲಿ ಅದನ್ನು ಕಾಲಿಂದ, ಪೆಡಲ್ ಒತ್ತಿ ತಿರುಗಿಸಬೇಕಂತೆ! ಮೇಷ್ಟ್ರು ಸದ್ದಿಲ್ಲದೆ ತಾವೇ ಸರಿಮಾಡಿ, "ಸೂಪರ್ ಮೇಡಂ, ಹುಟ್ಟಾ ಪೈಲಟ್ ನೀವು" ಅಂದರು. ಇಳಿದಾಗ ನನಗೆ ಹೆಮ್ಮೆಯೋ ಹೆಮ್ಮೆ. ಮನೆಗೆ ಬಂದು ಯೋಚಿಸಿದರೆ ನಾನು ಕಲಿತದ್ದು ಸೊನ್ನೆ.

ಇನ್ನೊಂದು ಶಾಲೆ ಅಂದರೆ ತಗಡಿನ ಶೆಡ್ಡು, ಹುಲ್ಲಿನ ರನ್‌ವೇ, ಎರಡು ಸೀಟಿನ ಒಂದೇ ಒಂದು ಹಳೆಯ ವಿಮಾನ. ಕಲಿಸುವವರು ಒಬ್ಬ ಟೀಚರಮ್ಮ, ಮಾತು ಸ್ವಲ್ಪ ಖಾರ. ಅಲ್ಲೂ ನನ್ನ ಕೈ ಸುಮ್ಮನಿರಲಿಲ್ಲ. "ಎಲ್ಲಿಗೆ ಹೊರಟ್ರಿ, ಮುಂದಿನ ಸ್ಟಾಪಿಗಾ? ಕೈ ಮಡಿಲಲ್ಲಿಟ್ಕೊಳ್ಳಿ, ಬರೀ ಕಾಲಲ್ಲಿ ಓಡ್ಸಿ" ಅಂದರು. ಅವತ್ತೆಲ್ಲ ಡೊಂಕುಡೊಂಕಾಗಿ ಓಡಿಸಿದ್ದೇ ಓಡಿಸಿದ್ದು, ನೆಲ ಬಿಡಲೇ ಇಲ್ಲ. ನನಗೇ ನಗು ತಡೆಯಲಾಗಲಿಲ್ಲ.

ಹೋದ ಭಾನುವಾರ ಹಾರುವುದೆಂದು ನಿಶ್ಚಯವಾಗಿತ್ತು. ಬೆಲ್ಟ್ ಕಟ್ಟಿಕೊಂಡು ಕೂತೆ. ಟೀಚರಮ್ಮ ಗಾಳಿಯ ದಿಕ್ಕು ತೋರಿಸುವ, ಕಂಬದ ಮೇಲಿನ ಗಾಳಿಚೀಲ ನೋಡಿದರು. ಅದು ರನ್‌ವೇಗೆ ಅಡ್ಡವಾಗಿ ಉಬ್ಬಿ ನಿಂತಿತ್ತು; ಚಿಕ್ಕ ವಿಮಾನವನ್ನು ಪಕ್ಕಕ್ಕೆ ತಳ್ಳಿಬಿಡುವಂಥ ಅಡ್ಡಗಾಳಿ. "ಇಳೀರಿ. ಇವತ್ತು ಬೇಡ." ಒಳ್ಳೆ ಬಿಸಿಲಿತ್ತು, ನಾನು ಗೋಗರೆದೆ. "ಒಂದೇ ಸುತ್ತು ಟೀಚರ್, ರಜೆ ಹಾಕಿ ಬಂದಿದೀನಿ." "ನೀವು ಅತ್ರೂ ಬೇಡ" ಅಂದು ವಿಮಾನಕ್ಕೆ ಹೊದಿಕೆ ಹೊದಿಸಿ, ನನಗೆ ಟೀ ತಂದುಕೊಟ್ಟರು. ಅಲ್ಲೇ ಸೇರಿಬಿಟ್ಟೆ, ಅತ್ತಿಗೆ.

ನನಗೆ ಸೈಕಲ್ ಕಲಿಸಿದವರು ನೀವು. ಬಸ್ಸಿನ ಲೈಸೆನ್ಸಿಗೆ ಹೋದಾಗ ಮನೆಮಂದಿಯೆಲ್ಲ ನಕ್ಕರೂ ಬೆನ್ನಿಗೆ ನಿಂತವರು ನೀವು. ಎದೆ ಗಟ್ಟಿ ಮಾಡಿಕೊಂಡು ಇದಕ್ಕೂ ಹೂಂ ಅಂದಿರಿ. ಈ ಋಣ ತೀರಿಸುವುದು ಹೇಗೆಂದು ಗೊತ್ತಿಲ್ಲ, ತೀರಿಸುವ ಆಸೆಯೂ ಇಲ್ಲ. ಮೊಣಕಾಲಿನ ವ್ಯಾಯಾಮ ಬಿಡಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ
ಡ್ರೈವರಮ್ಮ

ಮತ್ತೆ: ಅಣ್ಣ ಹೊರಟ ದಿನವೂ ಹೀಗೇ ಬಿಸಿಲು, ಹೀಗೇ ಗಾಳಿ. "ಗಂಡನ್ನ ತಡೆಯೋಕೆ ಇವಳಿಗೊಂದು ಮಾತು ಬರ್ಲಿಲ್ವಾ" ಅಂತ ನೆಂಟರೆಲ್ಲ ಆಡಿಕೊಂಡರು; ನೀವು ತುಟಿ ಬಿಚ್ಚಲಿಲ್ಲ. ಗೇಟಿನ ಹತ್ತಿರ ನೀವು "ಇವತ್ತು ಬೇಡ ರೀ" ಅಂದದ್ದು, ಅವನು ನಕ್ಕು ಹೋದದ್ದು ನನಗೆ ಗೊತ್ತು. ನೆಂಟರಿಗೆ ಅದನ್ನು ಹೇಳಲು ಹೋದರೆ, "ಸತ್ತವರ ಮೇಲೆ ತಪ್ಪು ಹೊರಿಸ್ಬೇಡ" ಅಂತ ನೀವೇ ನನ್ನ ಬಾಯಿ ಮುಚ್ಚಿಸಿದಿರಿ. ಹೋದ ಭಾನುವಾರ ಅದೇ ಮಾತು ನನ್ನ ಕಿವಿಗೆ ಬಿತ್ತು, ಅತ್ತಿಗೆ. ನಾನು ಬೆಲ್ಟ್ ಬಿಚ್ಚಿ ಇಳಿದೆ.