ನಲವತ್ತೊಂದು ಕಡಲೆಬೀಜಗಳ ಮರಣದಂಡನೆ ಕುರಿತು

ತಳಿ ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾನು ಸಂಕರ ಮಾಡಿದ ನಲವತ್ತೊಂದು ಕಡಲೆಬೀಜಗಳನ್ನು ವಾರದೊಳಗೆ ಸುಟ್ಟುಹಾಕಬೇಕೆಂಬ ತಮ್ಮ ಆದೇಶ ತಲುಪಿತು. ಕಾರಣ: "ಬೀಜಗಳೆಲ್ಲ ತಾಯಿಯಂತೆಯೇ ಇವೆ, ಸಂಕರಣ ವಿಫಲ." ಆಹಾ! ಒಂದೇ ಸಾಲಿನಲ್ಲಿ ತೀರ್ಪು, ಸಹಿ, ಮುದ್ರೆ. ಇಷ್ಟೇ ಚುರುಕನ್ನು ನಮ್ಮ ನೀರಿನ ಪಂಪಿನ ರಿಪೇರಿಗೂ ತೋರಿಸಿದ್ದರೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದೆ.

ಹತ್ತೊಂಬತ್ತು ವರ್ಷಗಳಿಂದ ಈ ಫಾರ್ಮಿನಲ್ಲಿ ಹೂವುಗಳಿಗೆ ಮದುವೆ ಮಾಡಿಸುವವಳು ನಾನು. ಸಂಜೆ ಮೊಗ್ಗು ಬಿಡಿಸಿ, ಚಿಮಟದಿಂದ ಅದರ ಗಂಡು ಭಾಗವನ್ನೆಲ್ಲ ಕಿತ್ತು, ಬೆಳಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ನೂಲು ಕಟ್ಟುತ್ತೇನೆ. ಸೊಂಟದ ಗತಿ ಕೇಳಬೇಡಿ. ಈ ಸಲ ತಾಯಿ ತಳಿ ತೆಳುಗಂದು ಸಿಪ್ಪೆಯದು, ಕಾಯಿಗೆರಡೇ ಬೀಜ. ತಂದೆ ತಳಿ ಕಡುಗೆಂಪು ಸಿಪ್ಪೆಯದು, ಕಾಯಿಗೆ ಮೂರು. ಪರಾಗ ಕೊಟ್ಟ ಮೇಲೆ ತಂದೆ ಗಿಡಗಳು ಬುಡ ಕೊಳೆತು ಸತ್ತವು. ಡಬ್ಬಿಯಲ್ಲೂ ಅದರ ಬೀಜ ಉಳಿದಿಲ್ಲ. ನಮ್ಮಲ್ಲಿ ಆ ತಳಿಯದು ಅಂತ ಇನ್ನೇನಾದರೂ ಇದ್ದರೆ, ಅದು ಈ ನಲವತ್ತೊಂದು ಬೀಜಗಳ ಒಳಗೇ ಇದೆ.

ಇದನ್ನು ಹೇಳಲು ತಮ್ಮ ಕೊಠಡಿಗೂ ಬಂದಿದ್ದೆ. ತಾವು ಬೀಜಗಳನ್ನು ಬಿಳಿ ತಟ್ಟೆಯಲ್ಲಿ ಹರಡಿ, "ಏನಮ್ಮಾ, ಒಂದಾದ್ರೂ ಕೆಂಪಗಿದೆಯಾ? ಅಪ್ಪ ಎಲ್ಲಿ?" ಎಂದಿರಿ.

"ಸಾರ್, ಕಾಯಿಯ ಓಡು, ಬೀಜದ ಸಿಪ್ಪೆ ಎರಡೂ ತಾಯಿ ಗಿಡದ್ದೇ. ಅಪ್ಪ ಒಳಗಿದಾನೆ. ಬಿತ್ತಿದ್ರೆ ಮುಂದಿನ ಬೆಳೇಲಿ ಹೊರಗೆ ಬರ್ತಾನೆ."

"ನಂಗೇ ಪಾಠ ಹೇಳ್ತೀಯಾ?"

ಹೌದು ಸ್ವಾಮಿ, ಹೇಳುತ್ತಿದ್ದೇನೆ. ಕೊಠಡಿಯಲ್ಲಿ ಕಿವಿಗೆ ಬೀಳಲಿಲ್ಲವೆಂದೇ ಈಗ ಬಹಿರಂಗ ಪತ್ರ ಬರೆದು, ಹತ್ತು ಜನ ಕೇಳುವಂತೆ ಹೇಳುತ್ತಿದ್ದೇನೆ. ಅಮ್ಮ ಹೆಣೆದ ಸ್ವೆಟರ್ ತೊಟ್ಟ ಮಗುವನ್ನು ಕಂಡು "ಇದಕ್ಕೆ ಅಪ್ಪನೇ ಇಲ್ಲ" ಎನ್ನುವವರು ಎಲ್ಲಾದರೂ ಉಂಟೇ? ಹೋಗಲಿ, ನಮ್ಮ ಮನೆಯಲ್ಲೇ ಒಬ್ಬಳಿದ್ದಳು, ನನ್ನ ನಾದಿನಿ. ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ, "ಅಯ್ಯೋ, ಅಚ್ಚು ನೀವೇ ಅತ್ತಿಗೆ! ನಮ್ಮಣ್ಣಂದು ಒಂದು ಕೂದಲೂ ಬಂದಿಲ್ವಲ್ಲ" ಎಂದು ಮೂಗು ಮುರಿದಳು. ನಮ್ಮ ಯಜಮಾನರು ಎರಡು ದಿನ ಮುಖ ಊದಿಸಿಕೊಂಡು ಕೂತರು. ಮಗಳಿಗೆ ಮಾತು ಬಂತು ನೋಡಿ! ಅದೇ ಮೊಂಡುವಾದ, ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಅದೇ ಜಂಬ. ಈಗ ನಾದಿನಿಯೇ, "ಇವಳ ಬಾಯಲ್ಲಿ ನಮ್ಮಣ್ಣ ಕೂತಿದಾನೆ ಅತ್ತಿಗೆ" ಎಂದು ಬಿದ್ದು ಬಿದ್ದು ನಗುತ್ತಾಳೆ. ಅವಳಿಗೆ ಅರ್ಥವಾದದ್ದು ಒಂದು ಇಲಾಖೆಗೆ ಆಗಬಾರದೇ?

ಬೀಜಗಳನ್ನು ನಾನು ಸುಟ್ಟಿಲ್ಲ, ಸುಡುವುದೂ ಇಲ್ಲ. ನಾಲ್ಕೈದು ಮೊಗ್ಗುಗಳಲ್ಲಿ ನನ್ನ ಚಿಮಟ ತಪ್ಪಿ ತಾಯಿ ಗಿಡದ್ದೇ ಪರಾಗ ಉಳಿದಿರಬಹುದು, ಒಪ್ಪುತ್ತೇನೆ. ನಲವತ್ತೊಂದು ಬೀಜಗಳೂ ಹಾಗೇ ಆದವು ಎಂದರೆ ನನಗೆ ಸಿಟ್ಟು ಬರುತ್ತದೆ. ನನಗೆ ಬೇಕಾದ್ದು ಒಂದು ಬೆಳೆಯ ಕಾಲ, ಒಂದೇ ಸಾಲು ನೆಲ. ಕಾಂಪೌಂಡಿನ ಪಕ್ಕದ ಕಲ್ಲುಜಾಗವಾದರೂ ಸರಿ. ಗಿಡ ಕೀಳುವ ದಿನ ತಾವೇ ಬಂದು ಕಾಯಿ ಬಿಡಿಸಬೇಕು. ಒಂದು ಗಿಡದಲ್ಲೂ ಕೆಂಪು ಬೀಜ ಕಾಣದಿದ್ದರೆ ಅಲ್ಲಿಯೇ ಕೆಲಸ ಬಿಟ್ಟು ಹೋಗುತ್ತೇನೆ. ಕಂಡರೆ, ರಿಜಿಸ್ಟರಿನಲ್ಲಿ ತಾವು ಗೀಟು ಎಳೆದು ಹೊಡೆದುಹಾಕಿದ ತಂದೆಯ ಹೆಸರನ್ನು ತಮ್ಮ ಕೈಯಾರೆ ಮತ್ತೆ ಬರೆಯಬೇಕು.

ಇಂತಿ,
ಬೆಂಕಿಪೊಟ್ಟಣ ಎಲ್ಲಿಟ್ಟೆನೋ ಮರೆತಿರುವ,
ವಿಧೇಯಳು ಎನ್ನಲು ಕೊಂಚ ನಾಚಿಕೆಯಾಗುವ,
ಹೂವಿನ ಕೆಲಸದವಳು